ಬಳ್ಳಾರಿಯೋ ರಾಯಚೂರೋ: ಬಾಡಿಗೆ ಮನೆ ಹಿಡಿಯುವ ಮುನ್ನ

ಬಿಸಿಲನ್ನು ನೋಡಿ ಈ ಎರಡರಲ್ಲಿ ಒಂದನ್ನು ಆರಿಸಲು ಹೊರಟವರು ಸೋಲುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಎರಡೂ ಕಡೆ ತಾಪ 40 ಡಿಗ್ರಿ ದಾಟುತ್ತದೆ. ರಾಯಚೂರು ತುಸು ಮುಂದೆ, ಅಷ್ಟೆ. ಆರಿಸಬೇಕಾದದ್ದು ನೀರನ್ನು ನೋಡಿ.

ಬಳ್ಳಾರಿಗೆ ತುಂಗಭದ್ರೆಯ ಬಲದಂಡೆ ಕಾಲುವೆಗಳ ನೀರು ಅಲ್ಲೀಪುರ, ಮೋಕಾ ಕೆರೆಗಳಲ್ಲಿ ನಿಂತು ಊರಿಗೆ ಬರುತ್ತದೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದರೆ ಕೆರೆಯಲ್ಲಿ ಉಳಿದಷ್ಟೇ ಗತಿ, ನಳ ಬಿಡುವ ದಿನಗಳ ಅಂತರ ಹಿಗ್ಗುತ್ತದೆ. ರಾಯಚೂರಿಗೆ ಎರಡು ಮೂಲ: ಎಡದಂಡೆ ಕಾಲುವೆಯಿಂದ ತುಂಬುವ ರಾಂಪುರ ಕೆರೆ, ಜೊತೆಗೆ ಕೃಷ್ಣಾ ನದಿ. ಕೇಳಲಿಕ್ಕೆ ಇದೇ ಭದ್ರ. ಆದರೆ ಎಡದಂಡೆ ಕಾಲುವೆ 200 ಕಿ.ಮೀ.ಗೂ ಹೆಚ್ಚು ಹರಿದು ಬರಬೇಕು. ದಾರಿಯುದ್ದಕ್ಕೂ ಭತ್ತದ ಗದ್ದೆ, ರಾಯಚೂರು ಸಿಕ್ಕಿರುವುದು ಕೊನೇ ಭಾಗದಲ್ಲಿ. 2022ರಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡ ಊರೂ ಇದೇ. ಅಲ್ಲಿ ಕುಡಿಯುವ ನೀರನ್ನು ಕುದಿಸದೆ ಬಳಸಬೇಡಿ.

ಹಾಗಾಗಿ ಮನೆ ನೋಡುವಾಗ ಹಾಲ್ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಮೊದಲು ಸಂಪಿನ ಮುಚ್ಚಳ ತೆಗೆಸಿ. ನಾಲ್ವರಿರುವ ಮನೆಗೆ ದಿನಕ್ಕೆ ಸುಮಾರು 540 ಲೀಟರ್ ಬೇಕು. 6 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳದ ಸಂಪು 4,200 ಲೀಟರ್ ಹಿಡಿಯುತ್ತದೆ. ಎಂಟು ದಿನಕ್ಕೆ ಸರಿಹೋಯಿತು. ಅದೇ ಸಂಪನ್ನು ಮೇಲಿನ ಎರಡು ಬಾಡಿಗೆಯವರೂ ಹಂಚಿಕೊಳ್ಳುತ್ತಿದ್ದರೆ ಮೂರನೇ ದಿನಕ್ಕೇ ಟ್ಯಾಂಕರ್ ಕರೆಯಬೇಕು. ಮಾಲೀಕರು "ಬೋರ್ ಇದೆ" ಅಂದರೆ ಒಂದು ಬಕೆಟ್ ತುಂಬಿಸಿ ಸಾಬೂನು ಕದಡಿ ನೋಡಿ. ನೊರೆ ಬರಲಿಲ್ಲವೆಂದರೆ ಗಡಸು ನೀರು.

ಈ ಲೆಕ್ಕದಲ್ಲಿ ಕೂಲರ್ ಸೇರಿಲ್ಲ. ಒಣ ಹವೆಯ ಈ ಸೀಮೆಯಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಮೇ ಮಧ್ಯಾಹ್ನ 10×12 ಅಡಿ ಕೋಣೆಯ ಕೂಲರ್ ಗಂಟೆಗೆ ಏಳು ಲೀಟರ್‌ನಷ್ಟು ನೀರು ಆರಿಸುತ್ತದೆ. ರಾತ್ರಿ ಇಷ್ಟು ಆರದು; ಹಗಲು ರಾತ್ರಿ ಓಡಿಸಿದರೆ ದಿನಕ್ಕೆ ನೂರು ಲೀಟರ್ ಅಂತ ಹಿಡಿಯಿರಿ. ಎದುರಿನ ಕಿಟಕಿ ತೆರೆದಿಡದಿದ್ದರೆ ಕೋಣೆಯಲ್ಲಿ ತೇವ ತುಂಬಿ ತಂಪಿನ ಬದಲು ಸೆಕೆಯಾಗುತ್ತದೆ. ಬೋರ್ ನೀರು ಹಾಕಿದರೆ ಪ್ಯಾಡಿನ ಮೇಲೆ ಬಿಳಿ ಉಪ್ಪು ಗಟ್ಟಿಯಾಗಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಮೂರ್ನಾಲ್ಕು ದಿನಕ್ಕೊಮ್ಮೆ ತೊಟ್ಟಿಯ ಹಳೇ ನೀರು ಚೆಲ್ಲಲೇಬೇಕು. ಜೂನ್ ಮಳೆ ಬಿದ್ದ ಮೇಲೆ ಕೂಲರನ್ನು ಮೂಲೆಗೆ ಸರಿಸುವುದೇ ಸರಿ.

ಧೂಳಿನ ವಿಷಯಕ್ಕೆ ಬಂದರೆ ಬಳ್ಳಾರಿಗೆ ಅಂಕ ಕಡಿಮೆ. ಅದಿರು ಲಾರಿಗಳು, ಸ್ಪಾಂಜ್ ಐರನ್ ಕಾರ್ಖಾನೆಗಳು, ಕುಡಿತಿನಿಯ ಉಷ್ಣ ವಿದ್ಯುತ್ ಸ್ಥಾವರ ಎಲ್ಲ ಸುತ್ತಲೇ ಇವೆ. ಲಾರಿ ಓಡುವ ಹೆದ್ದಾರಿಗೆ ಅಂಟಿದ ಮನೆ ಬೇಡ. ರಾಯಚೂರಿನ ಹಾರುಬೂದಿಯ ಕಾಟ ಹೆಚ್ಚಾಗಿ ಉಷ್ಣ ವಿದ್ಯುತ್ ಸ್ಥಾವರವಿರುವ ಶಕ್ತಿನಗರದ ಕಡೆ.

ಆಸ್ಪತ್ರೆಗೆ ಬಳ್ಳಾರಿಯೇ ಮೇಲು. 1961ರಲ್ಲಿ ಶುರುವಾದ ವೈದ್ಯಕೀಯ ಕಾಲೇಜಿನ ದೊಡ್ಡಾಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳ, ಆಂಧ್ರದ ಗಡಿಯ ರೋಗಿಗಳೂ ಬರುತ್ತಾರೆ. ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಇನ್ನೂ ಎಳೆಯದು. ಓಡಾಟಕ್ಕೆ ಮಾತ್ರ ರಾಯಚೂರು: ಮುಂಬೈ–ಚೆನ್ನೈ ಮುಖ್ಯ ಮಾರ್ಗದ ನಿಲ್ದಾಣ, ಹೈದರಾಬಾದ್ ಸುಮಾರು 200 ಕಿ.ಮೀ. ಬೆಂಗಳೂರಿಗೆ ಆಗಾಗ ಹೋಗುವವರಿಗೆ ಹಂಪಿ ಎಕ್ಸ್‌ಪ್ರೆಸ್ ನಿಲ್ಲುವ ಬಳ್ಳಾರಿ ಅನುಕೂಲ.

ವಯಸ್ಸಾದವರಿರುವ ಮನೆಗೆ ನಮ್ಮ ಮತ ಬಳ್ಳಾರಿಗೆ, ಸಂಪು ದೊಡ್ಡದಿದ್ದರೆ. ಎಲ್ಲಿಯೇ ಆಗಲಿ, ಮನೆ ನೋಡಲು ಬೆಳಿಗ್ಗೆ ಹೋಗಬೇಡಿ. ಇಳಿಹೊತ್ತು ನಾಲ್ಕಕ್ಕೆ ಹೋಗಿ ಮಲಗುವ ಕೋಣೆಯ ಪಶ್ಚಿಮದ ಗೋಡೆಗೆ ಕೈಯಿಟ್ಟು ನೋಡಿ. ಕೈ ಹಿಂದಕ್ಕೆ ಬಂದರೆ, ನಡುರಾತ್ರಿಯವರೆಗೂ ಆ ಗೋಡೆ ಆರುವುದಿಲ್ಲ.