ನೂರೊಂದು ಅಂಕಿಯ ಅವಿಭಾಜ್ಯ ಮತ್ತು ಪಾರಿ ಜಿಪಿ

ಉಚಿತವಾಗಿ ಸಿಗುವ ಗಣಿತ ತಂತ್ರಾಂಶ ಪಾರಿ ಜಿಪಿಯ ಅಂದಕ್ಕೆ ಯಾರೂ ಮರುಳಾಗುವುದಿಲ್ಲ. ಖಾಲಿ ಕಿಟಕಿ, ಒಂದು ಪ್ರಾಂಪ್ಟ್, ಅಷ್ಟೆ. ಆದರೆ ದೊಡ್ಡ ಅವಿಭಾಜ್ಯ ಸಂಖ್ಯೆಯ ಗುಣಗಳನ್ನು ಕೆದಕಿ ನೋಡಲು ಇಷ್ಟು ಚುರುಕಾದ ತಂತ್ರಾಂಶ ಸಿಗುವುದು ಕಷ್ಟ.

ಪಿ = ನೆಕ್ಸ್ಟ್‌ಪ್ರೈಮ್(10^100) ಎಂದು ಕೊಡಿ. ತಕ್ಷಣ 10^100ರ ನಂತರದ ಮೊದಲ ಅವಿಭಾಜ್ಯ, ನೂರೊಂದು ಅಂಕಿಯ 10^100+267 ಬರುತ್ತದೆ. ಇಲ್ಲೇ ಹಲವರು ಮೋಸ ಹೋಗುವುದು: ಈ ಆಜ್ಞೆ ನಡೆಸುವುದು ಬಿಪಿಎಸ್‌ಡಬ್ಲ್ಯೂ ಎಂಬ, ಅವಿಭಾಜ್ಯವಿರಬಹುದೇ ಎಂದು ಬೇಗ ನೋಡುವ ಪರೀಕ್ಷೆಯನ್ನು ಮಾತ್ರ. ಅದರ ಕಣ್ಣು ತಪ್ಪಿಸಿದ ಭಾಜ್ಯ ಸಂಖ್ಯೆ ಇದುವರೆಗೆ ಒಂದೂ ಸಿಕ್ಕಿಲ್ಲ, 2^64ರೊಳಗೆ ಇಲ್ಲವೆಂದು ಪರಿಶೀಲಿಸಿಯೂ ಆಗಿದೆ. ಆದರೂ ಅದು ಗಣಿತದ ಪುರಾವೆಯಲ್ಲ. ಪುರಾವೆ ಬೇಕಿದ್ದರೆ ಇಸ್‌ಪ್ರೈಮ್(ಪಿ) ಕೊಡಿ. ಇನ್ನೊಬ್ಬರು ಬೇರೆಯಾಗಿ ತಾಳೆ ನೋಡಬೇಕಿದ್ದರೆ ಪ್ರೈಮ್‌ಸರ್ಟ್(ಪಿ) ಪ್ರಮಾಣಪತ್ರವನ್ನೇ ಕೊಡುತ್ತದೆ. ಸಾವಿರ ಅಂಕಿ ದಾಟಿದರೆ ಮಾತ್ರ ಕಾಯುವ ತಾಳ್ಮೆ ಇರಲಿ.

ಈಗ ಪಿ % 8, ಅಂದರೆ 8ರಿಂದ ಭಾಗಿಸಿದಾಗ ಉಳಿಯುವ ಶೇಷ ಕೇಳಿ. ಉತ್ತರ 3. ಈ ಪುಟ್ಟ ಶೇಷವೇ ಎಷ್ಟೋ ಹೇಳಿಬಿಡುತ್ತದೆ. 4ರಿಂದ ಭಾಗಿಸಿದರೂ ಶೇಷ 3, ಆದ್ದರಿಂದ ಪಿ ಎರಡು ವರ್ಗಗಳ ಮೊತ್ತವಾಗಲಾರದು. 2 ಇದಕ್ಕೆ ವರ್ಗಶೇಷವಲ್ಲ, ಅಂದರೆ ಯಾವ ವರ್ಗವನ್ನು ಪಿಯಿಂದ ಭಾಗಿಸಿದರೂ ಶೇಷ 2 ಬರುವುದಿಲ್ಲ; ಪಿಯಿಂದ ಭಾಗಿಸಿದ ಶೇಷವನ್ನಷ್ಟೇ ಇಟ್ಟುಕೊಂಡು ಲೆಕ್ಕ ಹಾಕುವ ಮಾಡ್(2,ಪಿ)^((ಪಿ-1)/2) ಕೊಟ್ಟರೆ 1 ಬರುವುದಿಲ್ಲ, ಪಿ-1 ಬರುತ್ತದೆ. ವರ್ಗಶೇಷವಾದ ಎ ಸಿಕ್ಕರೆ ಅದರ ವರ್ಗಮೂಲಕ್ಕೆ ಮಾಡ್(ಎ,ಪಿ)^((ಪಿ+1)/4) ಒಂದೇ ಸಾಲು ಸಾಕು.

ಆ 'ಮಾಡ್' ಮರೆತು 2^(ಪಿ-1) % ಪಿ ಎಂದು ಬರೆದರೆ ಕೆಲಸ ಕೆಟ್ಟಿತು. ತಂತ್ರಾಂಶ ಮೊದಲು ಇಡೀ ಘಾತವನ್ನೇ ಲೆಕ್ಕ ಹಾಕಲು ಹೊರಡುತ್ತದೆ, ಅದು ಹಿಡಿಸುವ ಮೆಮೊರಿ ಯಾವ ಯಂತ್ರದಲ್ಲೂ ಇಲ್ಲ. 10^100 ಬದಲು 1ಇ100 ಎಂದು ಬರೆಯುವುದು ಇನ್ನೊಂದು ಎಡವಟ್ಟು: ಅದು ಪೂರ್ಣಾಂಕವಲ್ಲ, ಅಂದಾಜು ದಶಮಾಂಶ ಸಂಖ್ಯೆ; ಸಾಮಾನ್ಯ ನಿಖರತೆಯಲ್ಲಿ ಕೂಡಿಸಿದ 267 ಅದರಲ್ಲಿ ಕರಗಿಯೇ ಹೋಗುತ್ತದೆ. ಸ್ಟ್ಯಾಕ್ (ತಂತ್ರಾಂಶಕ್ಕೆ ಮೀಸಲಾದ ಮೆಮೊರಿ) ತುಂಬಿತೆಂದು ದೂರು ಬಂದರೆ 'ಪಾರಿಸೈಜ್‌ಮ್ಯಾಕ್ಸ್' ಮೌಲ್ಯ ಏರಿಸಿ.

ಪ್ರಿಮಿಟಿವ್ ರೂಟ್ (ತನ್ನ ಘಾತಗಳ ಶೇಷಗಳಲ್ಲಿ 1ರಿಂದ ಪಿ-1ರವರೆಗಿನ ಎಲ್ಲ ಸಂಖ್ಯೆಗಳನ್ನೂ ಕೊಡುವ ಸಂಖ್ಯೆ) ಹುಡುಕುವ ಜ಼ೆಡ್‌ಎನ್‌ಪ್ರಿಮ್‌ರೂಟ್ ಮೇಲೆ ಹೆಚ್ಚು ಭರವಸೆ ಇಡಬೇಡಿ. ಅದಕ್ಕೆ ಪಿ-1ರ ಅಪವರ್ತನಗಳು ಬೇಕು. ಇಲ್ಲಿ 2 ಮತ್ತು 3 ಸುಲಭವಾಗಿ ಕಳಚಿಕೊಳ್ಳುತ್ತವೆ; ಉಳಿದದ್ದರಲ್ಲಿ ದೊಡ್ಡ ಅಪವರ್ತನಗಳೇ ಇದ್ದರೆ ಗಂಟೆಗಟ್ಟಲೆ ಹಿಡಿದೀತು. ಇನ್ನು 2024ರಲ್ಲಿ ಸಿಕ್ಕ 2^136279841-1ರಂಥ, 4,10,24,320 ಅಂಕಿಗಳ ಮರ್ಸೆನ್ ಸಂಖ್ಯೆಗಳನ್ನು (2ರ ಘಾತದಿಂದ 1 ಕಳೆದವು) ಪರೀಕ್ಷಿಸುವುದು ಇದರ ಕೆಲಸವಲ್ಲ. ಅದಕ್ಕೆಂದೇ ಪ್ರೈಮ್95 ಎಂಬ ತಂತ್ರಾಂಶ ಇದೆ.