ಫ್ರೀ ಪ್ಯಾಸ್ಕಲ್ 3.2.2: ಖಾಲಿ ಅರೇಯನ್ನು ಎಣಿಸಬಲ್ಲದು, ಕಾವಲು ಮಾತ್ರ ನಾವೇ ಹಾಕಬೇಕು

ಪ್ಯಾಸ್ಕಲ್ ಭಾಷೆಯ ಪ್ರೋಗ್ರಾಮನ್ನು ಯಂತ್ರ ಓಡಿಸುವ ರೂಪಕ್ಕೆ ತರುವ, 2021ರಲ್ಲಿ ಬಿಡುಗಡೆಯಾದ ಫ್ರೀ ಪ್ಯಾಸ್ಕಲ್ 3.2.2 ಕಂಪೈಲರನ್ನು, ಕಡತದಿಂದ ಅಂಕಗಳನ್ನು ಓದಿ ಪಟ್ಟಿ ಮಾಡುವ ಸಣ್ಣದೊಂದು ಪ್ರೋಗ್ರಾಮಿಗೆ ಬಳಸಿದ್ದೇನೆ. ಕಡತದಲ್ಲಿ ಒಂದು ಸಾಲೂ ಇಲ್ಲದೆ ಡೈನಮಿಕ್ ಅರೇ (ಓಡುವಾಗ ಗಾತ್ರ ಬದಲಿಸಬಲ್ಲ ಪಟ್ಟಿ) ಖಾಲಿಯಾಗಿಯೇ ಉಳಿದಾಗ ಕಂಪೈಲರ್ ಹೇಗೆ ನಡೆದುಕೊಳ್ಳುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಎಣಿಕೆಯ ಕ್ರಮ ನನಗೆ ಬಹಳ ಹಿಡಿಸಿತು. ಖಾಲಿ ಅರೇಗೆ ಅಂಶಗಳ ಸಂಖ್ಯೆ ತಿಳಿಸುವ 'ಲೆಂತ್' 0 ಎನ್ನುತ್ತದೆ, ಕೊನೆಯ ಇಂಡೆಕ್ಸ್ (0ಯಿಂದ ಶುರುವಾಗುವ ಕ್ರಮಸಂಖ್ಯೆ) ತಿಳಿಸುವ 'ಹೈ' -1 ಎನ್ನುತ್ತದೆ. ಹೀಗಾಗಿ 0ಯಿಂದ 'ಹೈ'ವರೆಗೆ ಬರೆದ ಫಾರ್ ಲೂಪ್ ಒಂದು ಸುತ್ತೂ ಓಡದೆ ಮುಗಿಯುತ್ತದೆ, ಖಾಲಿಯೇ ಎಂದು ನೋಡಲೆಂದೇ ಒಂದು ಇಫ್ ಬರೆಯಬೇಕಾಗಿಲ್ಲ. ಇಂಥದೇ ಪಟ್ಟಿಯಾದ ಸಿ ಪ್ಲಸ್ ಪ್ಲಸ್ ವೆಕ್ಟರಿನ ಗಾತ್ರವಾದರೋ ಋಣಸಂಖ್ಯೆಯನ್ನು ಒಪ್ಪದ ಬಗೆಯದು. ಖಾಲಿ ವೆಕ್ಟರಿನ ಗಾತ್ರದಿಂದ 1 ಕಳೆದರೆ 64 ಬಿಟ್ ಯಂತ್ರದಲ್ಲಿ 18446744073709551615 ಬರುತ್ತದೆ, ಅಲ್ಲಿಯವರೆಗೆ ಓಡಹೊರಟ ಲೂಪ್ ಎಲ್ಲಿ ಮುಗ್ಗರಿಸುತ್ತದೋ ಹೇಳಲಾಗದು.

ಮೆಚ್ಚುಗೆ ಇಲ್ಲಿಗೆ ನಿಲ್ಲುತ್ತದೆ, ಏಕೆಂದರೆ ಇಂಡೆಕ್ಸ್ ಮಿತಿಯ ತಪಾಸಣೆ ತಾನಾಗಿ ಚಾಲೂ ಇರುವುದಿಲ್ಲ. ಖಾಲಿ ಅರೇ ಒಳಗೆ ಬರಿಯ ನಿಲ್ ಪಾಯಿಂಟರ್ (ಎಲ್ಲಿಗೂ ತೋರದ ವಿಳಾಸ) ಆಗಿರುವುದರಿಂದ ಅದರ 0ನೆಯ ಅಂಶವನ್ನು ಓದಹೋದರೆ ಪ್ರೋಗ್ರಾಮ್ 216ನೆಯ ದೋಷದೊಂದಿಗೆ (ಮುಟ್ಟಬಾರದ ಮೆಮೊರಿಯನ್ನು ಮುಟ್ಟಿದ್ದಕ್ಕೆ) ಕುಸಿಯುತ್ತದೆ. ಕುಸಿದರೂ ತಪ್ಪಾಗಿದೆಯೆಂದು ತಿಳಿಯಿತಲ್ಲ, ಅಷ್ಟು ವಾಸಿ. ಐದು ಅಂಕಗಳಿರುವ, ಅಂದರೆ ಕೊನೆಯ ಇಂಡೆಕ್ಸ್ 4 ಆಗಿರುವ, ಅರೇಯಲ್ಲಿ ಇಂಡೆಕ್ಸ್ 5 ಕೇಳಿದಾಗ ಮಾತ್ರ ಪಕ್ಕದ ಮೆಮೊರಿಯಲ್ಲಿ ಬಿದ್ದಿರುವ ಯಾವುದೋ ಸಂಖ್ಯೆ ಸದ್ದಿಲ್ಲದೆ ಅಂಕವೆಂಬಂತೆ ಪಟ್ಟಿಗೆ ಸೇರಿಬಿಡಬಹುದು. ಆಪ್ಟಿಮೈಸ್ ಮಾಡಿದ ರಿಲೀಸ್ ಬಿಲ್ಡಿನಲ್ಲಿಯೂ ಅರೇಯ ಮಿತಿಯನ್ನು ತಪಾಸಿಸುವ ರಸ್ಟ್ ಭಾಷೆಯನ್ನು ಬಳಸಿದವರಿಗೆ ಈ ಔದಾಸೀನ್ಯ ಅಚ್ಚರಿ ತರಿಸೀತು.

ಪ್ರೋಗ್ರಾಮ್ ಬರೆದ ಕಡತದ ಮೇಲ್ಭಾಗದಲ್ಲಿ ತಪಾಸಣೆಯನ್ನು ಚಾಲೂ ಮಾಡುವ 'ಆರ್ ಪ್ಲಸ್' ನಿರ್ದೇಶನ ಬರೆದರೆ, ಇಲ್ಲವೇ ಕಂಪೈಲರಿಗೆ 'ಸಿಆರ್' ಆಯ್ಕೆ ಕೊಟ್ಟರೆ, ಎರಡೂ ತಪ್ಪುಗಳು 201ನೆಯ ದೋಷವಾಗಿ (ಮಿತಿ ಮೀರಿದ್ದಕ್ಕೆ) ಸಿಕ್ಕಿಬೀಳುತ್ತವೆ. ಕಂಪೈಲರಿನೊಂದಿಗೇ ಬರುವ ಸಿಸ್‌ಯುಟಿಲ್ಸ್ ಯೂನಿಟ್ ಸೇರಿಸಿಕೊಂಡಿದ್ದರೆ ಅದೇ ದೋಷ ಎಕ್ಸೆಪ್ಷನ್ (ಪ್ರೋಗ್ರಾಮೇ ಹಿಡಿದು ನಿಭಾಯಿಸಬಲ್ಲ ದೋಷ) ಆಗಿ ಬರುವುದರಿಂದ, ಟ್ರೈ ಬ್ಲಾಕಿನಲ್ಲಿ ಹಿಡಿದು ಬಳಕೆದಾರರಿಗೆ ಅರ್ಥವಾಗುವ ಸಂದೇಶ ತೋರಿಸಬಹುದು.

ಉಚಿತವಾಗಿ ಸಿಗುವ ಈ ಕಂಪೈಲರನ್ನು ವಿದ್ಯಾರ್ಥಿಗಳಿಗೆ ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ವೇಗ ತಗ್ಗುತ್ತದೆಂಬ ನೆಪದಲ್ಲಿ ತಪಾಸಣೆಯನ್ನು ನಿಲ್ಲಿಸಿಬಿಡುವ ರೂಢಿಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಂಕಪಟ್ಟಿಯ ನನ್ನ ಪ್ರೋಗ್ರಾಮನ್ನು ತಪಾಸಣೆ ಚಾಲೂ ಇಟ್ಟೇ ಇತರರಿಗೆ ಕೊಟ್ಟಿದ್ದೇನೆ.