ಎಣ್ಣೆ ಬಣ್ಣದ ಭೂದೃಶ್ಯ ಕೋರ್ಸ್: ಕಾರವಾರದ ಎರಡು ಮಳೆಗಾಲ ಕಳೆದ ಮೇಲೆ

ಎಣ್ಣೆ ಬಣ್ಣದಲ್ಲಿ ಭೂದೃಶ್ಯ, ಅದರೊಳಗೆ ಜನ. ಇದನ್ನು ಕಲಿಸುವ ವಿಡಿಯೋ ಕೋರ್ಸಿಗೆ ಸೇರಿ ಎರಡು ವರ್ಷ ದಾಟಿತು. ಎರಡು ಮಳೆಗಾಲ ನೋಡಿಯೇ ಬರೆಯೋಣ ಎಂದು ಕಾದಿದ್ದೆ. ಕಾರವಾರದಲ್ಲಿ ಎಣ್ಣೆ ಬಣ್ಣದ ಪರೀಕ್ಷೆ ಶುರುವಾಗುವುದೇ ಜೂನ್‌ನಲ್ಲಿ.

ಐದನೇ ಪಾಠ ಒಂದಕ್ಕೇ ಕೊಟ್ಟ ದುಡ್ಡು ಸಂದಾಯವಾಯಿತು. ಅಲ್ಲಿಯವರೆಗೆ ನನ್ನ ಚಿತ್ರದ ಜನ ಮರಳಿನ ಮೇಲೆ ನಿಲ್ಲುತ್ತಲೇ ಇರಲಿಲ್ಲ, ತೇಲುತ್ತಿದ್ದರು. ಪಾಠ ಹೇಳಿದ್ದು ಇಷ್ಟು: ಸಮತಟ್ಟು ನೆಲದಲ್ಲಿ ನೀವು ನಿಂತು ನೋಡುತ್ತಿದ್ದರೆ ನಿಮ್ಮಷ್ಟೇ ಎತ್ತರದವರ ಕಣ್ಣು ದಿಗಂತದ ಗೆರೆಯ ಮೇಲೇ ಬರುತ್ತದೆ, ಅವರು ಹತ್ತು ಅಡಿ ದೂರವಿರಲಿ, ಇನ್ನೂರು ಅಡಿ ದೂರವಿರಲಿ. ಪಾದ ಮಾತ್ರ ಮೇಲೆ ಕೆಳಗೆ ಆಗುತ್ತದೆ.

ನಂಬಿಕೆಯಾಗದೆ ಮರುದಿನ ಬೆಳಿಗ್ಗೆ ಟ್ಯಾಗೋರ್ ಕಡಲತೀರಕ್ಕೆ ಹೋದೆ. ರಂಪಣಿ (ದಡದಲ್ಲಿ ನಿಂತು ಹಲವರು ಸೇರಿ ಎಳೆಯುವ ದೊಡ್ಡ ಮೀನುಬಲೆ) ಎಳೆಯುತ್ತಿದ್ದರು. ಪೆನ್ಸಿಲನ್ನು ಅಡ್ಡ ಹಿಡಿದು ಸಮುದ್ರದ ಅಂಚಿಗೆ ಸರಿಹೊಂದಿಸಿದೆ. ನೆಟ್ಟಗೆ ನಿಂತವರ ಕಣ್ಣುಗಳು ಒಂದೇ ಸಾಲಿಗೆ ಬಂದವು! ನೀರಂಚಿನ ಇಳಿಜಾರಿನಲ್ಲಿದ್ದವರು ಸ್ವಲ್ಪ ಕೆಳಗೆ, ಹಗ್ಗ ಹಿಡಿದು ಹಿಂದಕ್ಕೆ ವಾಲಿದವರು ಇನ್ನೂ ಕೆಳಗೆ. ಮರಳಲ್ಲಿ ಕೂತು ನೋಡಿದರೆ ದಿಗಂತ ಅವರ ಸೊಂಟಕ್ಕೆ ಇಳಿಯಿತು. ಅರ್ಧ ಗಂಟೆ ಎದ್ದು ಕೂತು, ಎದ್ದು ಕೂತು ನೋಡಿದ್ದೇ ನೋಡಿದ್ದು.

ಮುಖ ಬಿಡಿಸುವ ಚಟವನ್ನೂ ಈ ಕೋರ್ಸ್ ಬಿಡಿಸಿತು. ಮೊದಲ ರಂಪಣಿ ಚಿತ್ರದಲ್ಲಿ ಹದಿನಾಲ್ಕು ಜನಕ್ಕೂ ಕಣ್ಣು, ಮೂಗು ಇಟ್ಟಿದ್ದೆ. ಎಲ್ಲವನ್ನೂ ಪ್ಯಾಲೆಟ್ ಚಾಕುವಿನಿಂದ ಕೆರೆದು ತೆಗೆದೆ. ಫ್ರೆಂಚ್ ಚಿತ್ರಕಾರ ಮಿಲೆಯ 1857ರ ‘ತೆನೆ ಆಯುವವರು’ ಚಿತ್ರ ನೋಡಿ, ಮುಖ ಅಷ್ಟಾಗಿ ಕಾಣದಿದ್ದರೂ ಬಾಗಿದ ಬೆನ್ನಿನಲ್ಲೇ ದಣಿವೆಲ್ಲ ಇದೆ. ಈಗ ನಾನು ತಲೆಗೆ ಒಂದು ಚುಕ್ಕೆ, ಅಂಗಿಗೆ ಒಂದು ಎಳೆತ, ಆಮೇಲೆ ಪಾದಕ್ಕೆ ಅಂಟಿದ ನೆರಳು. ನೆರಳು ಅಂಟಿತೋ, ಮನುಷ್ಯ ನೆಲಕ್ಕಿಳಿದ.

ಕೊರತೆ ಇರುವುದು ಒಣಗಿಸುವ ಪಾಠದಲ್ಲಿ. ‘ಒಂದು ವಾರದಲ್ಲಿ ಕೈಗೆ ಅಂಟುವುದಿಲ್ಲ’ ಎನ್ನುತ್ತಾರೆ. ಜುಲೈನಲ್ಲಿ ನನ್ನ ಟೈಟೇನಿಯಂ ಬಿಳಿಯ ಆಕಾಶ ಮೂರು ವಾರವಾದರೂ ಜಿಗುಟಾಗಿತ್ತು, ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಬಂದಿತ್ತು. ಬಣ್ಣದಲ್ಲಿರುವ ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದು. ಮಳೆಗಾಲದ ಥಂಡಿಯಲ್ಲಿ ಅದು ನಿಧಾನ. ಪ್ರಶ್ನೆ ಕಳಿಸಿದರೆ ಒಂದೂವರೆ ತಿಂಗಳಿಗೆ ಉತ್ತರ ಬಂತು: ಬಿಸಿಲಿಗಿಡಿ. ಇಲ್ಲಿ ಜುಲೈನಲ್ಲಿ ಬಿಸಿಲೆಲ್ಲಿ? ದುಡ್ಡು ತೆಗೆದುಕೊಂಡವರು ಕಲಿಯುವವರ ಊರು ಯಾವುದೆಂದಾದರೂ ಕೇಳಬೇಕಿತ್ತು.

ಕೊನೆಗೆ ನಾನೇ ದಾರಿ ಹುಡುಕಿಕೊಂಡೆ. ಕೆಳಪದರಕ್ಕೆ ತೆಳುವಾದ ಬರ್ಂಟ್ ಅಂಬರ್ ಎಂಬ ಕಂದು ಬಣ್ಣ; ಅದರಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಕೆಳಗೆ ಎಣ್ಣೆ ಕಡಿಮೆ, ಮೇಲಿನ ಪದರಕ್ಕೆ ಜಾಸ್ತಿ (ಇದನ್ನು ಮಾತ್ರ ಅವರು ಚೆನ್ನಾಗಿ ಕಲಿಸಿದ್ದಾರೆ, ತಪ್ಪಿದರೆ ಬಣ್ಣ ಬಿರುಕು ಬಿಡುತ್ತದೆ). ಕ್ಯಾನ್ವಾಸನ್ನು ಗೋಡೆಗೆ ತಾಗಿಸದೆ ಫ್ಯಾನಿನ ಕೆಳಗೆ ಇಡುತ್ತೇನೆ. ಕತ್ತಲೆ ಕೋಣೆ ಬೇಡ, ಎಣ್ಣೆ ಹಳದಿಯಾಗುತ್ತದೆ.

ಅವರ ಹಸಿರೂ ನಮ್ಮದಲ್ಲ. ಮಳೆಯಲ್ಲಿ ಸದಾಶಿವಗಡದ ಗುಡ್ಡಕ್ಕೆ ಟ್ಯೂಬಿನ ಹಸಿರು ಹಚ್ಚಿದರೆ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿ, ಯೆಲ್ಲೋ ಓಕರ್, ಕೆಮ್ಮಣ್ಣಿನ ಗುರುತಿಗೆ ಚೂರು ಬರ್ಂಟ್ ಸಿಯೆನ್ನಾ ಬೆರೆಸಿ ನೋಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮೂರನೇ ರಂಪಣಿ ಚಿತ್ರ ಈಗ ಈಸೆಲ್ ಮೇಲಿದೆ. ಬಲಗಡೆ ಕೊನೆಯವನ ಹಿಮ್ಮಡಿ ಇನ್ನೂ ಮರಳಿಗೆ ಊರಿಲ್ಲ, ಐದನೇ ಪಾಠವನ್ನು ಇವತ್ತು ರಾತ್ರಿ ಮತ್ತೊಮ್ಮೆ ಹಾಕುತ್ತೇನೆ.